ಜೋಲಿ ಹೊತ್ತ ಎಂಕಪ್ಪ

ತೆಲಂಗಾಣದ ಗಡಿಸೀಮೆಯಲ್ಲಿ, ಉಟ್ಕೂರಿನಿಂದ ಮಕ್ತಲಿನ ಕಡೆಗೆ ಹೋಗುವಾಗ ಎಡಗಡೆಗೆ ಒಂದು ಕಲ್ಲುಗುಡ್ಡ ಸಿಗುತ್ತದೆ. ಅದರ ನೆತ್ತಿಯ ಮೇಲೆ ಒಂದು ಊರಿದೆ ಎಂದರೆ ಬಸ್ಸಿನಲ್ಲಿ ಕೂತವರು ನಂಬುವುದಿಲ್ಲ. ಕೆಳಗಿನಿಂದ ಕಾಣುವುದು ಬರೀ ಬಂಡೆ, ಬಂಡೆಯ ಸಂದಿನಲ್ಲಿ ಸೀತಾಫಲದ ಪೊದೆ. ಊರಿನ ಹೆಸರು ಮೇಲ್ದೊಡ್ಡಿ. ಇಪ್ಪತ್ತಾರು ಮನೆ, ಎಲ್ಲವೂ ಕುರುಬರವು. ಒಂದು ಬೀರಪ್ಪನ ಗುಡಿ, ಬಂಡೆಯ ನಡುವೆ ಬೇಸಿಗೆಯಲ್ಲೂ ಬತ್ತದ ಒಂದು ದೊಣೆ. ಯಾವ ಕಾಲದಲ್ಲೋ ತೋಳದ ಕಾಟಕ್ಕೆ ಕುರಿ ಹೊಡೆದುಕೊಂಡು ಮೇಲೆ ಹತ್ತಿದವರು, ದೊಣೆಯ ನೀರು ನೋಡಿ ಅಲ್ಲೇ ಉಳಿದರಂತೆ. ಉಳಿದವರಿಗೆ ಕೆಳಗಿಳಿಯಲು ಒಂದೇ ಹಾದಿ. ಅರ್ಧ ಮೆಟ್ಟಿಲು, ಅರ್ಧ ಜಾರುಗಲ್ಲು, ನಾಲ್ಕು ತಿರುವು. ಬರಿಗೈಯಲ್ಲಿ ಇಳಿದರೆ ಮುಕ್ಕಾಲು ಗಂಟೆ.

ಆ ಹಾದಿಯಲ್ಲಿ ಜನರನ್ನು ಹೊತ್ತು ಇಳಿಸುತ್ತಿದ್ದವನು ಎಂಕಪ್ಪ. ಅದು ಕೆಲಸವಲ್ಲ, ಅದಕ್ಕೆ ಯಾರೂ ಏನೂ ಕೊಡುತ್ತಿರಲಿಲ್ಲ, ಅವನೂ ಕೇಳುತ್ತಿರಲಿಲ್ಲ. ಎಲ್ಲರ ಹಾಗೆ ಅವನಿಗೂ ಮೂವತ್ತು ಕುರಿ, ಗುಡ್ಡದ ಬುಡದಲ್ಲಿ ತೊಗರಿ ಬೆಳೆಯುವಷ್ಟು ಕೆಂಪು ನೆಲ ಇತ್ತು. ಆದರೆ ಯಾರಿಗಾದರೂ ಜ್ವರ ತಲೆಗೇರಿದರೆ, ಹಾವು ಮುಟ್ಟಿದರೆ, ಹೆರಿಗೆ ತಡವಾದರೆ ಊರು ಮೊದಲು ಕೂಗುವುದು ಅವನ ಹೆಸರನ್ನು. ಅವನು ಅಟ್ಟದಿಂದ ಬಿದಿರಿನ ಗಳ ಇಳಿಸುತ್ತಿದ್ದ, ಕರಿ ಕಂಬಳಿಯ ಎರಡು ತುದಿಗಳನ್ನು ಗಳಕ್ಕೆ ಗಂಟು ಹಾಕಿ ಜೋಲಿ ಕಟ್ಟುತ್ತಿದ್ದ. ಮುಂದೆ ಒಬ್ಬ, ಹಿಂದೆ ಒಬ್ಬ, ಹೆಗಲು ಬದಲಿಸಲು ಇನ್ನಿಬ್ಬರು. ಇಳಿಜಾರಿನಲ್ಲಿ ಭಾರವೆಲ್ಲ ಮುಂದಿನವನ ಮೇಲೆಯೇ ಬೀಳುತ್ತದೆ. ಹಾಗಾಗಿ ಮುಂದೆ ಯಾವಾಗಲೂ ಎಂಕಪ್ಪನೇ. ಹದಿನೆಂಟನೆಯ ವಯಸ್ಸಿನಲ್ಲಿ ಮೊದಲ ಸಲ ಹೆಗಲು ಕೊಟ್ಟವನ ಎಡಭುಜದ ಮೇಲೆ ಮೂವತ್ತಾಗುವಷ್ಟರಲ್ಲಿ ನಿಂಬೆಹಣ್ಣಿನಷ್ಟು ದಪ್ಪದ ಗಡ್ಡೆ ಎದ್ದಿತ್ತು. ಅಂಗಿ ಹೊಲಿಸುವಾಗ ಮಕ್ತಲಿನ ದರ್ಜಿ ಅದನ್ನು ಮುಟ್ಟಿ ನೋಡಿ ಏನಿದು ಎಂದು ಕೇಳಿದರೆ, "ನಮ್ಮೂರಿನ ಸಡಕ್ ರೀ ಇದು," ಎನ್ನುತ್ತಿದ್ದ. ಅವನಿಗೆ ಅದರ ಮೇಲೆ ಒಂದು ಹೆಮ್ಮೆ ಇತ್ತು. ಅವನ ಜೋಲಿಯಲ್ಲಿ ಇಳಿದವರಲ್ಲಿ ಸತ್ತವರೂ ಇದ್ದರು. ಆದರೆ ಅವನ ಹೆಗಲಿನಿಂದ ಯಾರೂ ಬಿದ್ದಿರಲಿಲ್ಲ.

ತೆಲಂಗಾಣ ಬೇರೆ ರಾಜ್ಯವಾಗುವುದಕ್ಕೆ ಮೂರು ವರ್ಷ ಮೊದಲು, ಬೀರಪ್ಪನಿಗೆ ಕುರಿ ಕೊಟ್ಟ ದಿನ ಆ ಮಾತು ಸುಳ್ಳಾಯಿತು.

ಊರಿನ ಗಂಡಸರಲ್ಲಿ ಅರ್ಧ ಜನ ಆಗಲೇ ಪುಣೆ, ಮುಂಬಯಿ ಎಂದು ಕಟ್ಟಡದ ಕೆಲಸಕ್ಕೆ ಹೋಗಿದ್ದರು. ಉಳಿದವರು ಗುಡಿಯ ಮುಂದೆ ಕೂತಿದ್ದರು. ಕೆಳಗಿನಿಂದ ಈಚಲ ಕಳ್ಳು ಬಂದಿತ್ತು. ಎಂಕಪ್ಪ ಕುಡುಕನಲ್ಲ, ಆದರೆ ವರ್ಷಕ್ಕೊಮ್ಮೆ ಬೀರಪ್ಪನ ಹೆಸರಿನಲ್ಲಿ ಕುಡಿಯುತ್ತಿದ್ದ. ಆ ದಿನ ಬಿಸಿಲು ಬಹಳ ಇತ್ತು, ಊಟ ತಡವಾಗಿತ್ತು, ಹೊಟ್ಟೆ ಖಾಲಿ ಇತ್ತು. ಮಟಮಟ ಮಧ್ಯಾಹ್ನದ ಹೊತ್ತಿಗೆ ಸೂಲಗಿತ್ತಿ ಕಿಷ್ಟಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಗುಡಿಯ ಹತ್ತಿರ ಓಡಿಬಂದಳು.

"ಏ ಎಂಕಪ್ಪ, ಜೋಲಿ ಕಟ್ಟು. ಹನುಮಂತುನ ಹೇಣ್ತಿಗೆ ಬ್ಯಾನಿ ಸುರು ಆಗ್ಯಾವ. ಕೂಸು ತಿರುಗವಲ್ದು. ನನ್ನ ಕೈಲಿ ಆಗಂಗಿಲ್ಲ."

ಹನುಮಂತುವಿನ ಹೆಂಡತಿ ಎಂದರೆ ಜಮ್ಮುಲಮ್ಮ. ಗದ್ವಾಲ ಕಡೆಯ ಹೆಣ್ಣು, ಕೆ.ಟಿ. ದೊಡ್ಡಿಯವಳು, ಆ ಕಡೆಯ ದೇವಿಯ ಹೆಸರನ್ನೇ ಇಟ್ಟುಕೊಂಡು ಬಂದವಳು. ಮದುವೆಯಾಗಿ ನಾಲ್ಕು ವರ್ಷಕ್ಕೆ ಮೊದಲ ಬಸಿರು. ಹನುಮಂತು ಪುಣೆಯಲ್ಲಿದ್ದ.

ಎಂಕಪ್ಪ ಎದ್ದು ನಿಂತಾಗ ನೆಲ ಸ್ವಲ್ಪ ತೂಗಿದಂತಾಯಿತು. ಪಕ್ಕದಲ್ಲಿದ್ದ ಮಲ್ಲಣ್ಣ ಅವನ ತೋಳು ಹಿಡಿದ. ಮಲ್ಲಣ್ಣ ಅವನ ಓರಿಗೆಯವನು, ಇಪ್ಪತ್ತು ವರ್ಷದಿಂದ ಜೋಲಿಯ ಹಿಂದಿನ ಹೆಗಲು ಅವನದೇ.

"ಲೇ ಎಂಕ, ಬಾಯಿ ವಾಸನಿ ಹೊಡಿಯಾಕತ್ತೈತಿ. ಆಗ್ತೈತೇನು ನಿನ್ನ ಕೈಲಿ? ಇವತ್ತು ನೀ ಹಿಂದ ಬಾ, ಮುಂದ ನಾ ಹೋಗ್ತೀನಿ."

"ಹಾದಿ ನನ್ನ ಕಾಲಿಗೆ ಗೊತ್ತೈತಿ. ಸುಮ್ನ ಗಳ ಹಿಡಿ," ಎಂದ ಎಂಕಪ್ಪ.

ಆ ಒಂದು ಮಾತನ್ನು ಅವನು ಆಮೇಲೆ ಎಷ್ಟು ಸಲ ನೆನೆಸಿಕೊಂಡನೋ. ಅದೇನೂ ಜಂಬದಿಂದ ಆಡಿದ ಮಾತಲ್ಲ. ಆ ಗಳಿಗೆಯಲ್ಲಿ ಅವನಿಗೆ ನಿಜವಾಗಿ ಹಾಗೆಯೇ ಅನ್ನಿಸಿತ್ತು.

ಹೆಗಲು ಬದಲಿಸುವವರು ಬರುವ ತನಕ ಕಾಯದೆ ಇಬ್ಬರೇ ಹೊತ್ತು, ಕಿಷ್ಟಮ್ಮ ಹಿಂದೆ ಬರುತ್ತಿರಲು, ಮೊದಲ ತಿರುವು ಚೆನ್ನಾಗಿಯೇ ದಾಟಿದರು. ಎರಡನೆಯ ತಿರುವಿನಲ್ಲಿ ಬಂಡೆ ಒಳಕ್ಕೆ ಚಾಚಿಕೊಂಡು ಹಾದಿ ಕಿರಿದಾಗುತ್ತದೆ, ಅಲ್ಲಿ ಎಡಗಾಲನ್ನು ಕೆಳಗಿಟ್ಟು ಮೈ ಓರೆ ಮಾಡಬೇಕು. ಎಂಕಪ್ಪ ಬಲಗಾಲು ಇಟ್ಟ. ಅಷ್ಟೇ. ಕಾಲು ಜಾರಿತು, ಗಳ ಹೆಗಲು ಬಿಟ್ಟಿತು, ಕಂಬಳಿ ಒಮ್ಮೆಲೇ ಕುಸಿದು ಜಮ್ಮುಲಮ್ಮ ಮೆಟ್ಟಿಲಿನ ಅಂಚಿಗೆ ಹೊಟ್ಟೆ ಬಡಿಯುವಂತೆ ಬಿದ್ದಳು. ಅವಳು ಚೀರಲಿಲ್ಲ. "ಯವ್ವಾ" ಎಂದು ಒಂದೇ ಸಲ ಉಸಿರು ಬಿಟ್ಟಳು. ಎಂಕಪ್ಪನ ಅಮಲು ಅಲ್ಲೇ ಇಳಿದುಹೋಯಿತು. ಉಳಿದ ಹಾದಿಯನ್ನು ಅವನು ಹೇಗೆ ಇಳಿದನೆಂದು ಅವನಿಗೇ ನೆನಪಿಲ್ಲ. ಕೆಳಗೆ ಶೇರ್ ಆಟೋದಲ್ಲಿ ಕೂಡಿಸುವಾಗ ಕಂಬಳಿ ಒದ್ದೆಯಾಗಿ ಭಾರವಾಗಿತ್ತು.

ಒಂದು ದವಾಖಾನೆಯವರು ಇನ್ನೊಂದಕ್ಕೆ ಕಳಿಸಿದರು. ಅಲ್ಲಿ ಹೊಟ್ಟೆ ಕೊಯ್ದು ಜಮ್ಮುಲಮ್ಮನ ಜೀವ ಉಳಿಸಿದರು. ಮಗು ಹೊರಗೆ ಬರುವ ಮೊದಲೇ ಸತ್ತಿತ್ತು. ಗರ್ಭಕೋಶವನ್ನೂ ತೆಗೆಯಬೇಕಾಯಿತು. ಅವಳಿಗೆ ಮೂರು ದಿನ ಎಚ್ಚರವೇ ಇರಲಿಲ್ಲ. ನರ್ಸಮ್ಮ ಒಂದು ಬಿಳಿ ಬಟ್ಟೆಯ ಗಂಟನ್ನು ತಂದು ಕಿಷ್ಟಮ್ಮನ ಕೈಯಲ್ಲಿಟ್ಟಳು. ಕಿಷ್ಟಮ್ಮ ಅದನ್ನು ಎಂಕಪ್ಪನಿಗೆ ಕೊಟ್ಟಳು.

ಸತ್ತು ಹುಟ್ಟಿದ ಕೂಸನ್ನು ಊರೊಳಗೆ ಒಯ್ಯಬಾರದೆಂದು ಕಿಷ್ಟಮ್ಮ ಹೇಳಿದಳು. ಮರುದಿನ ಬೆಳಿಗ್ಗೆ ಗುಡ್ಡ ಹತ್ತುವಾಗ ಮೂರನೆಯ ತಿರುವಿನ ಪಕ್ಕದಲ್ಲಿ, ಸೀತಾಫಲದ ಪೊದೆಗಳ ನಡುವೆ ಸ್ವಲ್ಪ ಸಮನಾದ ಮಣ್ಣು ಇದ್ದ ಕಡೆ ನಿಂತರು. ಕಿಷ್ಟಮ್ಮ ಬೆನ್ನು ತಿರುಗಿಸಿ ಕೂತಳು. ಎಂಕಪ್ಪ ಕೊಡಲಿಯ ಹಿಂಬದಿಯಿಂದ ಮಣ್ಣು ಸಡಿಲಿಸಿ, ಕೈಯಿಂದ ತೋಡಿದ. ಇಡುವ ಮೊದಲು ಬಟ್ಟೆ ಸರಿಸಿ ನೋಡಿದ. ನೋಡಬಾರದಿತ್ತು. ತನ್ನ ರುಮಾಲನ್ನು ಅರ್ಧ ಹರಿದು ಅದರ ಮೇಲೆ ಹೊದಿಸಿ ಮಣ್ಣು ಮುಚ್ಚಿದ.

"ಆಕಿ ಕೇಳಿದ್ರ ಏನೂ ಹೇಳಬ್ಯಾಡ," ಎಂದಳು ಕಿಷ್ಟಮ್ಮ. "ಗಂಡೋ ಹೆಣ್ಣೋ ಗೊತ್ತಾದ್ರ ಅದಕ್ಕೊಂದು ಹೆಸರು ಇಟ್ಕೋತಾಳ. ಹೆಸರಿಟ್ಟ ಮ್ಯಾಲ ಮರೆಯಾಕ ಆಗಂಗಿಲ್ಲ. ದವಾಖಾನಿಯವ್ರೇ ತಗೊಂಡು ಹೋದ್ರು ಅಂತ ನಾ ಹೇಳ್ತೀನಿ."

ಊರಿಗೆ ಬಂದಾಗ ಎಲ್ಲರೂ ಗುಡಿಯ ಮುಂದೆ ಸೇರಿದ್ದರು. ಎಂಕಪ್ಪ ಬಾಯಿ ತೆರೆಯಬೇಕೆಂದಿದ್ದ. ಅಷ್ಟರಲ್ಲಿ, ಮೊದಲೇ ಗುಡ್ಡ ಹತ್ತಿ ಬಂದಿದ್ದ ಮಲ್ಲಣ್ಣ ಹೇಳಿಬಿಟ್ಟಿದ್ದ. "ಕಾಲಡಿ ಕಲ್ಲು ಉರುಳ್ತು. ಯಾರೇನು ಮಾಡಾಕ ಬರ್ತೈತಿ? ಎಂಕ ಇದ್ದಿದ್ದಕ್ಕ ಆಕಿ ಜೀವ ಉಳೀತು." ಊರು ಹೌದೆಂದಿತು. ಒಬ್ಬ ಮುದುಕ ಎಂಕಪ್ಪನ ಬೆನ್ನು ತಟ್ಟಿದ. ಆ ಕೈಯನ್ನು ಎಂಕಪ್ಪ ತಡೆಯಲಿಲ್ಲ. ಸುಳ್ಳು ಶುರುವಾದದ್ದು ಮಲ್ಲಣ್ಣನ ಬಾಯಿಯಿಂದಲ್ಲ, ಅಲ್ಲಿ ತಾನು ಸುಮ್ಮನೆ ನಿಂತದ್ದರಿಂದ ಎಂದು ಅವನಿಗೆ ಆಮೇಲೆ ಅನ್ನಿಸುತ್ತಿತ್ತು.

ಇಪ್ಪತ್ತು ದಿನದ ಮೇಲೆ ಜಮ್ಮುಲಮ್ಮ ಊರಿಗೆ ಮರಳಿದಳು. ನಡೆದು ಹತ್ತುವ ಶಕ್ತಿ ಇರಲಿಲ್ಲ. ಮತ್ತೆ ಜೋಲಿ ಕಟ್ಟಿದರು. ಈ ಸಲ ಎಂಕಪ್ಪ ಹಿಂದೆ ನಿಂತ, ಏಕೆಂದರೆ ಹತ್ತುವಾಗ ಭಾರ ಹಿಂದಿನವನ ಮೇಲೆ. ಕಂಬಳಿಯೊಳಗಿಂದ ಅವಳ ಮುಖ ಅವನ ಕಣ್ಣೆದುರಿಗೇ ಇತ್ತು. ಎರಡನೆಯ ತಿರುವಿಗೆ ಬಂದಾಗ ಅವಳು ಕಣ್ಣು ತೆರೆದಳು.

"ಮಾವ, ಅವತ್ತು ನಿಮಗೇನೂ ಪೆಟ್ಟು ಆಗಲಿಲ್ಲಲ್ರಿ?"

"ಇಲ್ಲವ್ವಾ," ಎಂದ. ಗಳವನ್ನು ಹೆಗಲ ಮೇಲೆ ಸರಿಪಡಿಸಿಕೊಂಡು ಮುಂದಿನ ಮೆಟ್ಟಿಲು ಹತ್ತಿದ.

ಅಂದಿನಿಂದ ಎಂಕಪ್ಪ ಕಳ್ಳು ಮುಟ್ಟಲಿಲ್ಲ. ಬೀರಪ್ಪನ ದಿನವೂ ಇಲ್ಲ. ಜೋಲಿ ಹೊರುವುದನ್ನು ಬಿಡಲಿಲ್ಲ, ಬಿಡಲು ಊರಿನಲ್ಲಿ ಬೇರೆ ಹೆಗಲುಗಳೇ ಇರಲಿಲ್ಲ. ಪ್ರತಿ ಸಲ ಎರಡನೆಯ ತಿರುವಿನಲ್ಲಿ ಅವನ ಕಾಲು ತಡೆಯುತ್ತಿತ್ತು, ಮಲ್ಲಣ್ಣ ಹಿಂದಿನಿಂದ "ಎಡಗಾಲು" ಎಂದು ಮೆಲ್ಲಗೆ ಹೇಳುತ್ತಿದ್ದ. ಇಬ್ಬರ ನಡುವೆ ಆ ವಿಷಯದ ಬಗ್ಗೆ ಅಷ್ಟೇ ಮಾತು.

ಹನುಮಂತು ಬಂದ, ಎರಡು ತಿಂಗಳಿದ್ದ, ತಿರುಗಿ ಪುಣೆಗೆ ಹೋದ. ಮುಂದಿನ ವರ್ಷ ಅಲ್ಲಿ ಇನ್ನೊಬ್ಬಳನ್ನು ಕಟ್ಟಿಕೊಂಡಿದ್ದಾನೆ, ಅವಳಿಗೆ ಗಂಡುಮಗು ಆಗಿದೆ ಎಂಬ ಸುದ್ದಿ ಬಂತು. ಜಮ್ಮುಲಮ್ಮ ಅತ್ತೆಯನ್ನು ನೋಡಿಕೊಂಡು ಇದ್ದಳು. ಅತ್ತೆ ಸತ್ತ ಮೇಲೂ ಇದ್ದಳು. ಹತ್ತು ಕುರಿ ಕಾಯುತ್ತಿದ್ದಳು. ಸೀತಾಫಲದ ಕಾಲದಲ್ಲಿ ಬುಟ್ಟಿ ಹೊತ್ತು ಕೆಳಗಿಳಿಯುತ್ತಿದ್ದಳು. ಅವಳು ಆ ಹಣ್ಣು ಆರಿಸುತ್ತಿದ್ದದ್ದು ಮೂರನೆಯ ತಿರುವಿನ ಆಸುಪಾಸಿನ ಪೊದೆಗಳಲ್ಲೇ. ಎಂಕಪ್ಪ ಮೇಲಿನಿಂದ ನೋಡುತ್ತಿದ್ದ. ಅವಳು ಆ ಸಮನೆಲದ ಮೇಲೆ ಬುಟ್ಟಿ ಇಟ್ಟು, ಅಲ್ಲೇ ಕೂತು, ಹಣ್ಣು ಒಡೆದು ತಿನ್ನುತ್ತಿದ್ದಳು. ಬೀಜಗಳನ್ನು ಅಲ್ಲೇ ಉಗಿಯುತ್ತಿದ್ದಳು. ಎದ್ದು ಹೋಗು ಎಂದು ಕೂಗಲೂ ಆಗುತ್ತಿರಲಿಲ್ಲ, ಅಲ್ಲೇ ಕೂತಿರು ಎನ್ನಲೂ ಆಗುತ್ತಿರಲಿಲ್ಲ.

ಕೈಲಾದದ್ದನ್ನು ಮಾಡಲು ಶುರುಮಾಡಿದ. ಅವಳ ಮನೆಯ ಮುಂದೆ ಕಟ್ಟಿಗೆ ಹೊರೆ ಇಟ್ಟು ಬರುತ್ತಿದ್ದ. ಮಳೆಗಾಲಕ್ಕೆ ಮೊದಲು ಅವಳ ಮಾಳಿಗೆಗೆ ಮಣ್ಣು ಹಾಕಿ ಬಡಿಯುತ್ತಿದ್ದ. ಅವಳ ಕುರಿಗೆ ಕಾಲುಬೇನೆ ಬಂದರೆ ತಾನೇ ಗೊರಸು ಕೆತ್ತಿ ಮದ್ದು ಹಚ್ಚುತ್ತಿದ್ದ. ಒಂಟಿ ಹೆಂಗಸಿನ ಮನೆಗೆ ಹೆಂಡತಿ ಇರುವ ಗಂಡಸು ಹೀಗೆ ಓಡಾಡಿದರೆ ಊರು ಏನೆಂದುಕೊಳ್ಳುತ್ತದೋ ಅದನ್ನೇ ಅಂದುಕೊಂಡಿತು. ದೊಣೆಯ ಹತ್ತಿರ ನೀರು ತುಂಬುವ ಹೆಂಗಸರು ಎಂಕಪ್ಪನ ಹೆಂಡತಿ ಪೆಂಟಮ್ಮನನ್ನು ನೋಡಿ ಮಾತು ನಿಲ್ಲಿಸತೊಡಗಿದರು. ಜಮ್ಮುಲಮ್ಮನಿಗೂ ಅದು ಕಿವಿಗೆ ಬಿತ್ತು. ಒಂದು ದಿನ ಅವಳು ಕಟ್ಟಿಗೆಯ ಹೊರೆಯನ್ನು ಎತ್ತಿ ತಂದು ಎಂಕಪ್ಪನ ಅಂಗಳದಲ್ಲಿ ಹಾಕಿ, "ಇನ್ನ ಮ್ಯಾಲ ಬ್ಯಾಡ್ರಿ ಮಾವ. ನನಗ ಉಳಿದಿರೋದು ಮಾನ ಒಂದೇ," ಎಂದು ಹೋದಳು.

ಆ ಸಂಜೆ ಪೆಂಟಮ್ಮ ರೊಟ್ಟಿ ಬಡಿಯುವುದನ್ನು ಬಿಟ್ಟು ಅವನೆದುರು ಕೂತಳು.

"ಇಪ್ಪತ್ತೆರಡು ವರ್ಷ ಸಂಸಾರ ಮಾಡೀನಿ ನಿನ್ನ ಜೋಡಿ. ಖರೇ ಹೇಳು. ಆಕಿಗೂ ನಿನಗೂ ಏನೈತಿ?"

ಎಂಕಪ್ಪ ಎಲ್ಲವನ್ನೂ ಹೇಳಿದ. ಕಳ್ಳು, ಮಲ್ಲಣ್ಣನ ಮಾತು, ಬಲಗಾಲು, ಬಿಳಿ ಬಟ್ಟೆಯ ಗಂಟು. ಹೇಳುತ್ತ ಹೇಳುತ್ತ ಅತ್ತ. ಅವನಿಗೆ ಪೆಂಟಮ್ಮ ಬೈಯುತ್ತಾಳೆ ಎನ್ನುವ ಆಸೆ ಇತ್ತು. ಒಬ್ಬರಾದರೂ ತನ್ನ ಮುಖಕ್ಕೆ ಉಗಿದರೆ ಒಳಗಿನ ಭಾರ ಒಂದಿಷ್ಟಾದರೂ ಇಳಿದೀತು ಎಂದುಕೊಂಡಿದ್ದ. ಪೆಂಟಮ್ಮ ಒಲೆಯೊಳಗಿನ ಕಟ್ಟಿಗೆಯನ್ನು ಹಿಂದಕ್ಕೆಳೆದು ಉರಿ ಸಣ್ಣ ಮಾಡಿದಳು. ಆಮೇಲೆ ಹೇಳಿದಳು:

"ನಮ್ಮ ಕರುಣಾನ್ನ ನೋಡಾಕ ಕೋಸಗಿಯಿಂದ ಗಂಡಿನ ಕಡೆಯವ್ರು ಬರವ್ರದಾರ. ಹೊಟ್ಟೀಲಿರೋ ಕೂಸು ಕೊಂದವನ ಮಗಳು ಅಂತ ಹೆಸರು ಬಂದ್ರ ಯಾರು ತಗೋತಾರ? ಮಂದಿ ನಿನ್ನ ಬಗ್ಗಿ ಏನರೆ ಅನ್ಕೊಳ್ಳಿ, ಆ ಕೆಟ್ಟ ಹೆಸರು ನಾ ತಡಕೊಂತೀನಿ. ಇದು ಮಾತ್ರ ಬಾಯಿ ಬಿಟ್ಟು ಹೊರಗ ಬರಬಾರದು. ಮಗಳ ಮ್ಯಾಲ ಆಣಿ."

ಅವನು ಆಣೆ ಮಾಡಿದ. ಕರುಣಾಳ ಮದುವೆ ಆಯಿತು. ಕಿಷ್ಟಮ್ಮ ಒಂದು ಬೇಸಿಗೆಯಲ್ಲಿ ತೀರಿಕೊಂಡಳು, ಅವಳ ಹೆಣವನ್ನೂ ಎಂಕಪ್ಪನೇ ಹೊತ್ತ. ಇನ್ನು ಕೂಸನ್ನು ಮಣ್ಣು ಮಾಡಿದ್ದನ್ನು ಬಲ್ಲವರು ಅವನು ಮತ್ತು ಪೆಂಟಮ್ಮ. ಜಾಗ ಬಲ್ಲವನು ಅವನೊಬ್ಬನೇ.

ಹನ್ನೊಂದು ವರ್ಷ ಕಳೆದ ಮೇಲೆ ಮೇಲ್ದೊಡ್ಡಿಗೆ ರಸ್ತೆ ಮಂಜೂರಾಯಿತು. ಊರಿಗೆ ಊರೇ ಬೀರಪ್ಪನಿಗೆ ಕಾಯಿ ಒಡೆಯಿತು. ಅಳೆಯುವವರು ಬಂದು ಗುಡ್ಡದ ಮೈಮೇಲೆ ಸುಣ್ಣದ ಗೆರೆ ಎಳೆದರು. ಎಂಕಪ್ಪ ಆ ಗೆರೆಯ ಜೊತೆಗೇ ಇಳಿದುಬಂದ. ಗೆರೆ ಮೂರನೆಯ ತಿರುವಿನ ಸಮನೆಲದ ನಡುವೆಯೇ ಹಾದು ಹೋಗಿತ್ತು.

ಅವನು ಎಂಜಿನಿಯರನ ಎದುರು ಕೈಮುಗಿದು ನಿಂತ. "ಏಂ ಪೆದ್ದಾಯನಾ?" ಏನು ಹಿರಿಯರೇ ಎಂದು ಆ ಹುಡುಗುಮುಖದ ಎಂಜಿನಿಯರು ತೆಲುಗಿನಲ್ಲಿ ಕೇಳಿದ. ಎಂಕಪ್ಪ ತನಗೆ ಬರುವ ತೆಲುಗಿನಲ್ಲಿ ಗೆರೆಯನ್ನು ಹತ್ತು ಮಾರು ಆಚೆ ಸರಿಸಿರೆಂದು ಬೇಡಿಕೊಂಡ. ಏಕೆಂದು ಕೇಳಿದರೆ ಬಾಯಿಗೆ ಬಂದದ್ದು ಒಂದೇ: ಅದು ದೇವರ ಜಾಗ. ಎಂಜಿನಿಯರು ಒಳ್ಳೆಯವನು, ಊರ ಹಿರಿಯರನ್ನು ಕರೆಸಿ ವಿಚಾರಿಸಿದ. ಮಲ್ಲಣ್ಣನೇ ಮುಂದೆ ಬಂದು ನಕ್ಕ.

"ಅಲ್ಲಿ ಯಾವ ದೇವರು ರೀ? ಸೀತಾಫಲದ ಗಿಡ ಅದಾವ ಅಷ್ಟ. ಇಷ್ಟು ವರ್ಷ ಹೊತ್ತು ಹೊತ್ತು ಇವಗ ತಲಿ ಕೆಟ್ಟೈತಿ. ಸಡಕ್ ಬಂದ್ರ ಇವನ ಜೋಲಿ ಯಾರಿಗೆ ಬೇಕು, ಅದಕ್ಕ ಅಡ್ಡ ಬರಾಕತ್ಯಾನ."

ಎಲ್ಲರೂ ನಕ್ಕರು. ಎಂಕಪ್ಪ ತಲೆ ತಗ್ಗಿಸಿ ಬಂದ.

ಗುಡ್ಡ ಕಡಿಯುವ ಯಂತ್ರ ಮೂರನೆಯ ತಿರುವಿಗೆ ಬರುವ ದಿನ ಬೆಳಕು ಹರಿಯುತ್ತಿದ್ದಂತೆ ಅವನು ಸಲಿಕೆ ಹಿಡಿದು ಅಲ್ಲಿಗೆ ಹೋದ. ತೆಗೆದು ಬೇರೆ ಕಡೆ ಇಡೋಣ ಎಂದುಕೊಂಡಿದ್ದ. ಮೊಣಕಾಲಿನಷ್ಟು ತೋಡಿದ, ಸೊಂಟದಷ್ಟು ತೋಡಿದ. ಬೇರು, ಗರಸು, ಮತ್ತೆ ಬೇರು. ರುಮಾಲಿನ ಒಂದು ಎಳೆಯೂ ಸಿಗಲಿಲ್ಲ. ಎಳೆಗೂಸಿನ ಎಲುಬು ಹನ್ನೊಂದು ಮಳೆಗಾಲ ಉಳಿಯುತ್ತದೆಯೇ? ಅಥವಾ ಜಾಗವನ್ನೇ ತಪ್ಪು ನೆನಪಿಟ್ಟುಕೊಂಡನೇ? ಪಕ್ಕದಲ್ಲಿ ತೋಡಿದ. ಅಲ್ಲೂ ಇಲ್ಲ. ಯಂತ್ರದವನು ಬಂದು ಹಾರ್ನ್ ಹೊಡೆದಾಗ ಎಂಕಪ್ಪ ಎದೆಯವರೆಗೆ ಗುಂಡಿಯೊಳಗಿದ್ದ. ಅವನನ್ನು ಇಬ್ಬರು ಕೈಹಿಡಿದು ಮೇಲೆಳೆದರು. ಮಧ್ಯಾಹ್ನದೊಳಗೆ ಪೊದೆ, ಸಮನೆಲ, ಗುಂಡಿ, ತಿರುವು ಎಲ್ಲವೂ ಒಂದಾಗಿ ಕೆಂಪು ಮಣ್ಣಿನ ರಾಶಿಯಾಗಿ ಕಣಿವೆಗೆ ಜಾರಿತು.

ಅಂದು ಸಂಜೆ, ಇನ್ನೂ ಬಿಸಿಲಿರುವಾಗಲೇ, ಅವನು ಜಮ್ಮುಲಮ್ಮನ ಮನೆಯ ಮುಂದೆ ಹೋಗಿ ನಿಂತ. ಆಣೆ ಮುರಿಯಲೇಬೇಕಿತ್ತು. ಅವಳು ಕುರಿಗಳನ್ನು ದೊಡ್ಡಿಗೆ ಕೂಡುತ್ತಿದ್ದಳು. ಅವನನ್ನು ನೋಡಿ ಮುಖ ಬಿಗಿಮಾಡಿಕೊಂಡಳು.

"ಏನ್ರಿ ಮಾವ?"

"ಅವತ್ತು ಕಲ್ಲು ಉರುಳಿಲ್ಲವ್ವಾ. ನಾ ಕುಡಿದಿದ್ದೆ. ಮಲ್ಲಣ್ಣ ಬ್ಯಾಡ ಅಂದ, ನಾ ಕೇಳಲಿಲ್ಲ. ನನ್ನ ಕಾಲು ತಪ್ಪಿತು. ನಿನ್ನ ಬಾಳು ಹಾಳು ಮಾಡಿದವ ನಾನು. ಕೂಸನ್ನ ನನ್ನ ಕೈಲೇ ಮಣ್ಣು ಮಾಡೀನಿ, ಆಮ್ಯಾಲ ನಿನ್ನ ಮುಂದ ತಿರಗ್ಯಾಡೀನಿ. ನನಗ ಏನರೆ ಅನ್ನು."

ಅವಳು ದೊಡ್ಡಿಯ ಮುಳ್ಳುಬಾಗಿಲನ್ನು ಹಿಡಿದೇ ನಿಂತಿದ್ದಳು. ಕುಡಿದದ್ದು, ಕಾಲು ತಪ್ಪಿದ್ದು ಅವಳ ಕಿವಿಯ ಮೇಲೆ ಬಿದ್ದಂತೆಯೇ ಕಾಣಲಿಲ್ಲ.

"ಯಾರು ಮಣ್ಣು ಮಾಡಿದ್ರು ಅಂದ್ರಿ?"

"ನಾನು."

"ದವಾಖಾನಿಯವ್ರು ತಗೊಂಡು ಹೋದ್ರು ಅಂದಿದ್ಳು ಕಿಷ್ಟಮ್ಮತ್ತಿ. ಕೂಸಿಗೆ ಆಕಾರನೇ ಇದ್ದಿಲ್ಲ ಅಂದಿದ್ಳು." ಅವಳ ದನಿ ಸಣ್ಣಗಾಯಿತು. "ಆಕಾರ ಇತ್ತೇನ್ರಿ?"

"ಇತ್ತವ್ವಾ."

"ಗಂಡೋ, ಹೆಣ್ಣೋ?"

"ಹೆಣ್ಣು."

ಅವಳು ಮುಳ್ಳುಬಾಗಿಲು ಬಿಟ್ಟು ಅಲ್ಲೇ ಕೂತಳು. ತಲೆಯೆತ್ತಿ, "ಹೆಂಗಿದ್ಳು?" ಎಂದಳು.

"ತಲಿ ತುಂಬ ಕೂದಲಿದ್ದವು. ಕರ್ರಗ. ಕಣ್ಣು ಮುಚ್ಚಿದ್ದವು. ನಿದ್ದಿ ಮಾಡಿದಂಗ ಇದ್ಳು."

"ಎಲ್ಲಿಟ್ರಿ?"

ಆ ಪ್ರಶ್ನೆಗೆ ಅವನು ಹೆದರಿದಷ್ಟು ಬೈಗುಳಕ್ಕೆ ಹೆದರಿರಲಿಲ್ಲ. ಬಾಯಿಯಲ್ಲಿ ಹೇಳಲು ಆಗದೆ ಮುಂದೆ ನಡೆದ. ಅವಳು ಹಿಂದೆ ಬಂದಳು. ಹೊಸದಾಗಿ ಕಡಿದ ರಸ್ತೆಯ ಮೇಲೆ ಯಂತ್ರದ ಚಕ್ರದ ಗುರುತು ಹಸಿಯಾಗಿಯೇ ಇತ್ತು. ಮೂರನೆಯ ತಿರುವು ಇದ್ದಿರಬೇಕಾದ ಕಡೆ ಅವನು ನಿಂತ. ಎಡಕ್ಕೆ ಕೊಯ್ದ ಗುಡ್ಡದ ಗೋಡೆ, ಬಲಕ್ಕೆ ಕೆಳಗಿನವರೆಗೂ ಜಾರಿದ ಮಣ್ಣು. ಕೈಯೆತ್ತಿ ತೋರಿಸಲು ಹೋದ. ಎತ್ತ ತೋರಿಸಬೇಕೆಂದು ತಿಳಿಯದೆ ಕೈ ಇಳಿಸಿದ.

"ಎಲ್ಲಿ?" ಎಂದಳು ಅವಳು ಮತ್ತೊಮ್ಮೆ.

"ಇಲ್ಲೇ ಇತ್ತವ್ವಾ. ಬೆಳಿಗ್ಗಿ ಹುಡುಕಿದೆ. ಸಿಗಲಿಲ್ಲ."

"ಸೀತಾಫಲದ ಗಿಡದ ಬುಡಕ?"

"ಹೂಂ."

"ನಾ ಅಲ್ಲೇ ಕುಂತು ತಿಂತಿದ್ದೆ," ಎಂದಳು. ಅಂಚಿನ ತನಕ ಹೋಗಿ ಕೆಳಗಿನ ಮಣ್ಣನ್ನು ನೋಡಿದಳು. ಇಳಿಯಲು ಹೋದಾಗ ಮಣ್ಣು ಕುಸಿಯಿತು. ಎಂಕಪ್ಪ ಹಿಡಿಯಲು ಕೈ ಚಾಚಿದ. "ಮುಟ್ಟಬ್ಯಾಡ್ರಿ," ಎಂದಳು. ಕತ್ತಲಾಗುವವರೆಗೂ ಅವಳು ಅಲ್ಲಿ ಕೂತಿದ್ದಳು, ಅವನು ಹತ್ತು ಮಾರು ದೂರದಲ್ಲಿ ಕೂತಿದ್ದ.

ನಾಲ್ಕು ದಿನ ಅವಳು ಮನೆಯಿಂದ ಹೊರಬರಲಿಲ್ಲ. ಐದನೆಯ ದಿನ ಅವನ ಅಂಗಳಕ್ಕೆ ಬಂದಳು. ಪೆಂಟಮ್ಮ ಜೋಳ ಹಸನು ಮಾಡುತ್ತಿದ್ದವಳು ಮೊರ ಕೆಳಗಿಟ್ಟಳು. ಎಂಕಪ್ಪ ಎದ್ದು ನಿಂತ. ಈಗಲಾದರೂ ಬೈಯುತ್ತಾಳೆ, ಊರು ಕೂಡಿಸುತ್ತಾಳೆ, ಮಣ್ಣು ತೂರುತ್ತಾಳೆ ಎಂದು ಅವನ ಮೈಯೆಲ್ಲ ಕಾದಿತ್ತು.

"ಅವತ್ತೇ ಹೇಳಿದ್ರ ಬೈತಿದ್ದೆ ಮಾವ," ಎಂದಳು ಜಮ್ಮುಲಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. "ಬೈದು ಬೈದು ಒಂದಿನ ಸಾಕಾಗ್ತಿತ್ತು. ಅಲ್ಲಿ ಹೋಗಿ ಒಂದು ಕಲ್ಲು ನೆಡ್ತಿದ್ದೆ, ಎಣ್ಣಿ ಹಚ್ತಿದ್ದೆ, ಮಾತಾಡಿಸ್ತಿದ್ದೆ. ನೀವು ಕುಡಿದದ್ದು ಒಂದು ದಿನ ರೀ. ಸುಮ್ನ ಇದ್ದದ್ದು ಹನ್ನೊಂದು ವರ್ಷ. ಈಗ ನನ್ನ ಹತ್ರ ಬೈಗುಳನೂ ಉಳಿದಿಲ್ಲ."

ಪೆಂಟಮ್ಮ ಏನೋ ಹೇಳಲು ಬಾಯಿ ತೆರೆದಳು. ಜಮ್ಮುಲಮ್ಮ ಅವಳ ಕಡೆ ತಿರುಗಿ, "ನಿನಗೂ ಗೊತ್ತಿತ್ತಲ್ಲಕ್ಕಾ," ಎಂದಳು. ಪೆಂಟಮ್ಮ ಮೊರದ ಕಡೆ ನೋಡಿದಳು.

ವಿಷಯ ಊರಿಗೆ ತಿಳಿಯಿತು. ಎಂಕಪ್ಪನೇ ಗುಡಿಯ ಮುಂದೆ ನಿಂತು ಹೇಳಿದ. ಅವನೆಣಿಸಿದಂತೆ ಯಾರೂ ಕೂಗಾಡಲಿಲ್ಲ. ಎಷ್ಟೋ ವರ್ಷದ ಹಿಂದಿನ ಮಾತು, ಈಗ ಯಾಕೆ ಕೆದಕುವುದು ಎಂದರು. ಮಲ್ಲಣ್ಣ ಮಾತ್ರ ಅವನ ಬಳಿ ಬಂದು ಹಲ್ಲು ಕಚ್ಚಿ, "ನನ್ನನ್ನೂ ಸುಳ್ಳುಗಾರನ ಮಾಡಿದೆಲ್ಲೋ. ನಿನ್ನ ಉಳಿಸಾಕ ಅಂದಿದ್ದೆ ನಾ," ಎಂದು ಹೇಳಿ ಹೋದ. ಅಲ್ಲಿಂದಾಚೆಗೆ ಇಬ್ಬರೂ ಮಾತಾಡಲಿಲ್ಲ. ಕೋಸಗಿಯಲ್ಲಿದ್ದ ಕರುಣಾಳ ಅತ್ತೆಮನೆಗೂ ಸುದ್ದಿ ಮುಟ್ಟಿತು. ಅವರು ಸೊಸೆಗೆ ಏನೂ ಅನ್ನಲಿಲ್ಲ, ಆದರೆ ಎರಡನೆಯ ಬಾಣಂತನಕ್ಕೆ ಅವಳನ್ನು ತವರಿಗೆ ಕಳಿಸಲಿಲ್ಲ. ಪೆಂಟಮ್ಮ ಅದನ್ನು ಗಂಡನಿಗೆ ಒಂದು ಸಲವೂ ಎತ್ತಿ ಆಡಲಿಲ್ಲ. ರೊಟ್ಟಿ ಬಡಿದು ಕೊಡುತ್ತಿದ್ದಳು, ಮುಖ ನೋಡುತ್ತಿರಲಿಲ್ಲ.

ರಸ್ತೆಗೆ ಜಲ್ಲಿ ಬಿದ್ದು ಮೊದಲ ಆಟೋ ಮೇಲೆ ಹತ್ತಿದ ವಾರದಲ್ಲೇ ಜಮ್ಮುಲಮ್ಮ ಕುರಿಗಳನ್ನು ಮಾರಿ, ಒಂದು ಟ್ರಂಕು ಹೇರಿಕೊಂಡು ತಮ್ಮನ ಊರು ಕೆ.ಟಿ. ದೊಡ್ಡಿಗೆ ಹೊರಟುಹೋದಳು. ಎಂಕಪ್ಪ ಗುಡಿಯ ಹಿಂದೆ ನಿಂತು ಆಟೋ ಇಳಿಯುವುದನ್ನು ನೋಡಿದ. ಮೂರನೆಯ ತಿರುವಿನ ಹತ್ತಿರ ಆಟೋ ನಿಲ್ಲುತ್ತದೆ ಎಂದುಕೊಂಡಿದ್ದ. ನಿಲ್ಲಲಿಲ್ಲ.

ಒಂದು ವರ್ಷ ತಡೆದ. ಆಮೇಲೆ, ಹಿಂದಿನ ಮಳೆಗಾಲ ಮುಗಿಯುತ್ತ ಬಂದಾಗ, ಯಾರಿಗೂ ಹೇಳದೆ ಮಕ್ತಲಿಗೆ ಹೋಗಿ, ಗದ್ವಾಲದ ಬಸ್ಸು ಹತ್ತಿ, ಅಲ್ಲಿಂದ ಕೆ.ಟಿ. ದೊಡ್ಡಿಗೆ ಹೋದ. ಏನು ಹೇಳಬೇಕೆಂದು ಅವನಿಗೆ ಗೊತ್ತಿರಲಿಲ್ಲ. ಆ ಕಡೆ ಬೀಜದ ಹತ್ತಿ ಬೆಳೆಯುತ್ತಾರೆ. ಹೆಂಗಸರು ಸಾಲಾಗಿ ನಿಂತು ಹೂವಿಗೆ ಹೂವು ಮುಟ್ಟಿಸಿ ಕಾಯಿ ಕಟ್ಟಿಸುವ ಕೆಲಸ. ಅವಳು ಆ ಸಾಲಿನಲ್ಲಿದ್ದಳು. ಹೊಲದ ಬದುವಿನಲ್ಲಿ ನಿಂತ ಎಂಕಪ್ಪನನ್ನು ಒಂದು ಸಲ ನೋಡಿದಳು. ಗುರುತು ಹಿಡಿದಳೆಂದು ಅವನಿಗೆ ಗೊತ್ತಾಯಿತು, ಏಕೆಂದರೆ ಅವಳ ಕೈ ನಿಂತಿತು. ಆಮೇಲೆ ಬೆನ್ನು ತಿರುಗಿಸಿ ಮುಂದಿನ ಗಿಡಕ್ಕೆ ಹೋದಳು, ಅಲ್ಲಿಂದ ಅದರಾಚೆಯ ಗಿಡಕ್ಕೆ, ಹೀಗೆ ಸಾಲಿನ ತುದಿಯವರೆಗೂ.

ಅವಳ ತಮ್ಮನೇ ಬಂದು ಮಾತಾಡಿಸಿದ. ಮೇಲ್ದೊಡ್ಡಿಯವನೆಂದು ತಿಳಿದು ಸಂತೋಷಪಟ್ಟ, ಮನೆಗೆ ಕರೆದೊಯ್ದು ಕಾಲಿಗೆ ನೀರು ಕೊಟ್ಟ, ರೊಟ್ಟಿ, ಪುಂಡಿಪಲ್ಯ ಬಡಿಸಿದ. ಎಂಕಪ್ಪ ಮುರಿದ ತುತ್ತನ್ನು ಕೈಯಲ್ಲೇ ಹಿಡಿದು ಕೂತ.

"ನಮ್ಮಕ್ಕ ನಿಮ್ಮೂರಿನ ಸುದ್ದಿ ಏನೂ ಹೇಳಂಗಿಲ್ರಿ," ಎಂದ ಆ ತಮ್ಮ. "ಕೇಳಿದ್ರೂ ಹೇಳಂಗಿಲ್ಲ. ಒಮ್ಮೊಮ್ಮಿ ಹೊಲದಾಗ ಒಬ್ಬಾಕಿನೇ ಏನೋ ಮಾತಾಡ್ತಿರ್ತಾಳ. ನನ್ನ ಹೇಣ್ತಿಗೆ ಅಂಜಿಕಿ. ಕೂಸು ಸತ್ತದ್ದು, ಗಂಡ ಬಿಟ್ಟದ್ದು ನಮಗ ಗೊತ್ತೈತಿ, ಅಲ್ಲಿ ಬ್ಯಾರೆ ಏನರೆ ಆಗಿತ್ತೇನ್ರಿ ಆಕಿಗೆ? ನಿಮಗ ಗೊತ್ತಿರಬೇಕು."

ಎಂಕಪ್ಪ ಹೇಳಿದ. ಎಲ್ಲವನ್ನೂ, ಮೊದಲಿನಿಂದ. ಆ ಮನುಷ್ಯ ಕೇಳುತ್ತ ಕೇಳುತ್ತ ತನ್ನ ತಾಟಿನಿಂದ ಕೈ ಹಿಂದಕ್ಕೆ ತೆಗೆದ. ಮುಗಿದ ಮೇಲೆ ಎದ್ದು ಬಾಗಿಲಿಗೆ ಹೋಗಿ, ಹೊರಗೆ ನೋಡುತ್ತ, "ಗದ್ವಾಲಕ್ಕ ನಾಲ್ಕೂವರಿಗೆ ಬಸ್ಸೈತಿ," ಎಂದ.

ಮೇಲ್ದೊಡ್ಡಿಗೆ ಮರಳಿದಾಗ ಪೆಂಟಮ್ಮ ಅಂಗಳದಲ್ಲಿದ್ದಳು. ಎಲ್ಲಿಗೆ ಹೋಗಿದ್ದನೆಂದು ಅವಳು ಊಹಿಸಿದ್ದಳು.

"ಸಿಕ್ಕಳೇನು?"

"ಸಿಕ್ಕಳು."

"ಏನಂದ್ಳು?"

"ಏನೂ ಅನ್ನಲಿಲ್ಲ."

ಅವನು ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದ. ಪೆಂಟಮ್ಮ ಊಟಕ್ಕೆ ಕರೆದಳು, ಏಳಲಿಲ್ಲ. ಮರುದಿನವೂ ಏಳಲಿಲ್ಲ. ಮೂರನೆಯ ದಿನ ಎದ್ದು, ಕುರಿಗಳನ್ನು ಹೊಡೆದುಕೊಂಡು ಗುಡ್ಡದ ಹಿಂಬದಿಗೆ ಹೋದ, ರಸ್ತೆ ಕಾಣದ ಕಡೆಗೆ. ಈಗಲೂ ಅವನು ಕುರಿ ಮೇಯಿಸುವುದು ಅಲ್ಲೇ. ಅಲ್ಲಿ ಹುಲ್ಲು ಕಡಿಮೆ. ಕುರಿಗಳು ಬಡವಾಗಿವೆ.